ರೇಣುಕಾ ರಾಜೀನಾಮೆ ಕೊಟ್ಟಿದ್ದಳಂತೆ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಮಾರ್ತಾಂಡ ಮದುವೆಯಾದ ಎಂಟನೇ ದಿನಕ್ಕೇ ಕಂಡುಹಿಡಿದಿದ್ದ. ಇರಲಿ ಬಿಡಿ. ಒಂಬೈನೂರು ಜನ ದುಡಿಯುವ ಕಂಪನಿಯಲ್ಲಿ ತಂತ್ರಜ್ಞಾನದ ಮುಖ್ಯಸ್ಥೆಯಾಗಿ ಕೂತ ಹೆಂಗಸಿಗೆ ಅಷ್ಟು ಸಿಟ್ಟಾದರೂ ಇರಬೇಕು. ಇಲ್ಲದಿದ್ದರೆ ಮೀಟಿಂಗಿನಲ್ಲಿ ಎಲ್ಲರಿಗೂ ಚಹಾ ಹೇಳುವ ಕೆಲಸ ಅವಳ ಪಾಲಿಗೇ ಬರುತ್ತದೆ. ಆದರೆ ಆ ಸೋಮವಾರ ಬೆಳಿಗ್ಗೆ ನಮ್ಮ ಎಚ್‌ಆರ್ ಮುಖ್ಯಸ್ಥ ಓಂಕಾರ್ ನನ್ನ ಕೋಣೆಗೆ ಬಂದು, ಬಾಗಿಲು ಮುಚ್ಚಿ, ನಿಂತುಕೊಂಡೇ ಕೇಳಿದ ಪ್ರಶ್ನೆಗೆ ನನಗೆ ಸಿಟ್ಟೇ ಬರಲಿಲ್ಲ.

ರೇಣುಕಾ ಈರಬಸಪ್ಪ ಹಂಚಿನಮನಿ ಎಂದರೆ ಯಾರು, ಈಗ ಎಲ್ಲಿದ್ದಾರೆ ಎಂದು ಅವನು ಕೇಳಿದ್ದ.

ನಾನೇ ಅದು ಎಂದೆ. ಓಂಕಾರ್ ಕೈಯಲ್ಲಿದ್ದ ಹಾಳೆ ನೋಡಿದ, ನನ್ನ ಮುಖ ನೋಡಿದ, ಮತ್ತೆ ಹಾಳೆ ನೋಡಿದ. ಒಳ್ಳೆಯ ಮನುಷ್ಯ, ಯಾರಿಗಾದರೂ ಕೆಟ್ಟ ಸುದ್ದಿ ಹೇಳಬೇಕಾದರೆ ಮೊದಲು ತಾನೇ ಬೆವರುತ್ತಾನೆ. ಆ ರೇಣುಕಾ ಅವರು ೨೦೦೦ದ ಮೇ ಹನ್ನೆರಡಕ್ಕೆ ರಾಜೀನಾಮೆ ಕೊಟ್ಟು ಹೋಗಿದ್ದಾರೆ ಮ್ಯಾಡಮ್, ಎಂದ.

ವಿಷಯ ಹೀಗಿತ್ತು. ನಮ್ಮ ಮ್ಯಾನೇಜಿಂಗ್ ಡೈರೆಕ್ಟರ್ ನಿವೃತ್ತರಾಗುತ್ತಿದ್ದರು. ಬರುವ ಶುಕ್ರವಾರ ನಿರ್ದೇಶಕರ ಸಭೆಯಲ್ಲಿ ಆ ಜಾಗಕ್ಕೆ ನನ್ನ ಹೆಸರು ಹಾಕುವುದೆಂದು ಮಾತಾಗಿತ್ತು. ಹೊಸದಾಗಿ ಬಂಡವಾಳ ಹಾಕಿದವರು ಮಾತ್ರ, ಆ ಕುರ್ಚಿಯಲ್ಲಿ ಯಾರನ್ನೇ ಕೂಡಿಸಿದರೂ ಅವರ ಕಾಗದಪತ್ರವನ್ನು ಹೊರಗಿನ ಏಜೆನ್ಸಿಯಿಂದ ತಪಾಸಣೆ ಮಾಡಿಸಬೇಕೆಂದು ಹಟ ಹಿಡಿದಿದ್ದರು. ಮಾಡಿಸಲಿ, ನನ್ನ ಗಂಟೇನು ಹೋಗುತ್ತದೆ ಎಂದುಕೊಂಡಿದ್ದೆ. ಏಜೆನ್ಸಿಯವರು ಹಳೆಯ ಹಾಜರಿ ಪುಸ್ತಕದವರೆಗೂ ಹೋಗಿ ಇಬ್ಬರು ಹೆಣ್ಣುಮಕ್ಕಳನ್ನು ಹುಡುಕಿ ತೆಗೆದಿದ್ದರು. ಒಬ್ಬಳು ರೇಣುಕಾ. ಬಿ.ಇ. ಪಾಸಾದವಳು, ೧೯೯೮ರಲ್ಲಿ ಸೇರಿದವಳು, ಕಂಪನಿಯ ಮೊದಲ ಪ್ರೋಗ್ರಾಮ್ ಬರೆದವಳು, ಮೇ ಹನ್ನೆರಡಕ್ಕೆ ಬಿಟ್ಟುಹೋದವಳು. ಇನ್ನೊಬ್ಬಳು ನೀಲಿಮಾ ಮಾರ್ತಾಂಡ ಪಟ್ಟಣಶೆಟ್ಟಿ. ಅದೇ ಮೇ ಇಪ್ಪತ್ತೊಂಬತ್ತಕ್ಕೆ ಹೊಸದಾಗಿ ಸೇರಿ ಇಂದಿನವರೆಗೂ ಇರುವವಳು, ಓದಿದ್ದಕ್ಕೆ ತನ್ನ ಹೆಸರಿನ ಒಂದು ಚೂರು ಕಾಗದವೂ ಇಲ್ಲದವಳು. ವರದಿಯ ಕೊನೆಗೆ ಒಂದು ಸಾಲಿತ್ತು: ಬೇರೊಬ್ಬ ವ್ಯಕ್ತಿಯ ಪದವಿ ಪ್ರಮಾಣಪತ್ರ ಬಳಸಿರುವ ಶಂಕೆ ಇದೆ.

ಅಂದರೆ ನನ್ನ ಡಿಗ್ರಿಯನ್ನು ನಾನೇ ಕದ್ದಿದ್ದೆ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ನಾನು ಸಂಕೇಶ್ವರದ ಈರಬಸಪ್ಪ ಮಾಸ್ತರರ ಮಗಳು. ಬೆಳಗಾವಿಯಿಂದ ಪುಣೆಯವರೆಗೆ ನಮ್ಮವರ ಎಷ್ಟೋ ಮನೆಗಳಲ್ಲಿ, ಸೊಸೆ ಹೊಸ್ತಿಲು ದಾಟಿ ಬಂದ ಮೇಲೆ ಒಂದು ತಾಟಿನಲ್ಲಿ ಅಕ್ಕಿ ಹರಡುತ್ತಾರೆ. ಮದುಮಗ ಉಂಗುರದಿಂದ ಆ ಅಕ್ಕಿಯಲ್ಲಿ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ಅಪ್ಪನ ಹೆಸರಿದ್ದ ಜಾಗಕ್ಕೆ ಗಂಡನ ಹೆಸರು ಬರುತ್ತದೆ, ಅಡ್ಡಹೆಸರೂ ಬದಲಾಗುತ್ತದೆ. ಹೆಸರಿಗೆ ಮೂರು ಭಾಗವಿದ್ದರೆ ಮೂರೂ ಹೋಗಿ ಹೆಣ್ಣು ಮಾತ್ರ ಉಳಿಯುತ್ತಾಳೆ. ಪುಣೆಯ ಧನಕವಡಿಯಲ್ಲಿ ಪಟ್ಟಣಶೆಟ್ಟಿಯವರದು ಸ್ಟೀಲ್ ಪಾತ್ರೆಯ ಅಂಗಡಿ, ಅದರ ಮೇಲೇ ಮನೆ. ಅಲ್ಲಿ ನನ್ನ ಅತ್ತೆ ಚನ್ನಬಸವ್ವ ನೀಲಿಮಾ ಎಂಬ ಹೆಸರು ಆರಿಸಿದರು, ಮಾರ್ತಾಂಡ ನಾಚಿಕೊಳ್ಳುತ್ತ ಬರೆದ, ಬಂದವರಿಗೆಲ್ಲ ಪೇಢೆ ಹಂಚಿದರು. ಮೊದಲು ರೇಷನ್ ಕಾರ್ಡಿನಲ್ಲಿ ನೀಲಿಮಾ ಎಂದು ಸೇರಿತು. ಅದನ್ನು ತೋರಿಸಿ ಮತದಾರರ ಚೀಟಿ, ಅದನ್ನು ತೋರಿಸಿ ಪಾಸ್‌ಪೋರ್ಟ್, ಹೀಗೆ ಒಂದರ ಬಾಲ ಹಿಡಿದು ಇನ್ನೊಂದು ಬಂತು. ಡಿಗ್ರಿ ಮಾತ್ರ ಟ್ರಂಕಿನ ತಳದಲ್ಲಿ ರೇಣುಕಾಳದಾಗಿಯೇ ಉಳಿಯಿತು. ಕೇಳಿದವರಿಗೆಲ್ಲ ಅದರ ನಕಲು ಕೊಡುತ್ತ ಬಂದೆ. ಇಪ್ಪತ್ತೈದು ವರ್ಷ ಒಬ್ಬನೂ ಮೇಲಿನ ಹೆಸರು ಓದಿರಲಿಲ್ಲ.

ಕಂಪನಿಯ ವಕೀಲರು ನನ್ನ ಮಾತು ನಂಬಿದರು, ಆದರೆ ನಂಬಿಕೆಯನ್ನು ಸಭೆಯ ಮುಂದೆ ಇಡಲು ಬರುವುದಿಲ್ಲ ಎಂದರು. ಗೆಜೆಟ್‌ನಲ್ಲಿ ಹೆಸರು ಬದಲಾವಣೆ ಹಾಕಿಸಲು ವಾರಗಟ್ಟಲೆ ಬೇಕು. ನಾನೇ ಬರೆದುಕೊಡುವ ಅಫಿಡವಿಟ್ ಆ ರಾಜೀನಾಮೆಯ ಗಂಟನ್ನು ಬಿಡಿಸುವುದಿಲ್ಲ. ಬಿಟ್ಟುಹೋದವಳೊಬ್ಬಳು, ಸೇರಿದವಳೊಬ್ಬಳು ಎಂದು ಪುಸ್ತಕವೇ ಹೇಳುತ್ತಿತ್ತು. ಆ ಕಾಲದ್ದೇ ಒಂದು ಕಾಗದ ಬೇಕು, ಅದರಲ್ಲಿ ಎರಡೂ ಹೆಸರು ಇರಬೇಕು, ಬರೆದವರು ಬೇರೆಯವರಾಗಿರಬೇಕು, ಗುರುವಾರ ಸಂಜೆಯೊಳಗೆ ಬರಬೇಕು. ಬಾರದಿದ್ದರೆ ಶುಕ್ರವಾರ ನಿತಿನನ ಹೆಸರು ಓದುತ್ತಾರೆ. ನಿತಿನ ನಮ್ಮ ಹಾಲಿನ ಯಂತ್ರಗಳ ಮಾರಾಟ ವಿಭಾಗದವನು, ಕೆಟ್ಟವನಲ್ಲ. ಆದರೆ ಎಮ್ಮೆಯ ಹಾಲಿಗೂ ಆಕಳ ಹಾಲಿಗೂ ಫ್ಯಾಟ್ ಯಾಕೆ ಬೇರೆ ಬರುತ್ತದೆ ಎಂದು ಹತ್ತು ವರ್ಷದ ನಂತರವೂ ನನ್ನನ್ನೇ ಕೇಳುತ್ತಾನೆ.

ಕುರ್ಚಿ ಹೋದರೆ ಹೋಗಲಿ ಎನ್ನಬಹುದಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಎರಡು ದಿನ ಅತ್ತು ಸುಮ್ಮನಾಗಬಹುದಿತ್ತು. ಆದರೆ ಡಿಗ್ರಿ ಕದ್ದವಳು ಎಂಬ ಮಾತು ಹಾಗೆ ಹೋಗುವುದಿಲ್ಲ. ಅದು ಕ್ಯಾಂಟೀನಿಗೆ ಬರುತ್ತದೆ, ಲಿಫ್ಟಿಗೆ ಬರುತ್ತದೆ, ಸತ್ತ ಮೇಲೂ ಬೆನ್ನು ಬಿಡುವುದಿಲ್ಲ. ಅದಕ್ಕಿಂತ ನನ್ನನ್ನು ತಿಂದದ್ದು ಇನ್ನೊಂದು. ನಾನು ರಾಜೀನಾಮೆ ಕೊಟ್ಟೇ ಇರಲಿಲ್ಲ. ಮದುವೆಗೆಂದು ಮೂರು ವಾರ ರಜೆ ಹಾಕಿದ್ದೆ, ರಜೆ ಮುಗಿದ ಸೋಮವಾರ ಹೋಗಿ ನನ್ನ ಕುರ್ಚಿಯಲ್ಲಿ ಕೂತಿದ್ದೆ. ಹೆಸರು ಬದಲಾಯಿತಲ್ಲ, ಹೊಸ ಫಾರ್ಮ್ ತುಂಬು ಎಂದು ದಿಗಂಬರ ಸರ್ ಹೇಳಿದ್ದರು, ತುಂಬಿದ್ದೆ. ಅಷ್ಟೇ ನನಗೆ ಗೊತ್ತಿದ್ದದ್ದು.

ದಿಗಂಬರ ಸರ್ ಕಂಪನಿ ಕಟ್ಟಿದವರು. ಆಗ ಕಂಪನಿ ಎಂದರೆ ಧನಕವಡಿಯ ಒಂದು ಹಿಟ್ಟಿನ ಗಿರಣಿಯ ಮೇಲಿನ ಎರಡು ಕೋಣೆ, ನಾಲ್ಕು ಜನ, ಎರಡು ಕಂಪ್ಯೂಟರ್. ಬಾರಾಮತಿ ಕಡೆಯ ಹಾಲು ಸಂಗ್ರಹ ಕೇಂದ್ರಗಳಿಗೆ ಒಂದು ಪ್ರೋಗ್ರಾಮ್ ಬೇಕಿತ್ತು: ಹಾಲು ಅಳೆದ ಕೂಡಲೇ, ಫ್ಯಾಟ್ ನೋಡಿದ ಕೂಡಲೇ, ರೈತನ ಕೈಗೆ ಚೀಟಿ ಬರಬೇಕು. ನಾನು ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ಎಸ್.ಟಿ. ಬಸ್ಸಿನಲ್ಲಿ ಹೋಗಿ, ಕ್ಯಾನು ಹಿಡಿದು ನಿಂತ ಹೆಂಗಸರ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಅದನ್ನು ಬರೆದೆ. ಇವತ್ತು ನಾಲ್ಕು ಸಾವಿರ ಹಳ್ಳಿಗಳಲ್ಲಿ ನಮ್ಮ ಯಂತ್ರಗಳು ಓಡುತ್ತವೆ. ಅವುಗಳ ಹೊಟ್ಟೆಯಲ್ಲಿರುವ ಮೊದಲ ಸಾಲುಗಳ ಮೇಲೆ ಇಂದಿಗೂ ರೇಣುಕಾಳ ಹೆಸರಿದೆ. ಬಿಟ್ಟುಹೋದವಳ ಹೆಸರು.

ಸೋಮವಾರ ಹನ್ನೆರಡು ಗಂಟೆಗೇ ಸರ್‌ಗೆ ಫೋನ್ ಮಾಡಿದೆ. ಅವರಿಗೆ ಈಗ ಎಂಬತ್ತೆರಡು. ಕಂಪನಿಯನ್ನು ಬೇರೆಯವರಿಗೆ ಒಪ್ಪಿಸಿ ಹದಿನೈದು ವರ್ಷವಾಯಿತು, ಆದರೆ ಅವರ ಕಾಲದ ಕಾಗದವೆಲ್ಲ ಅವರ ಮನೆಯ ಅಟ್ಟದ ಮೇಲೇ ಇದೆ. ಏಜೆನ್ಸಿಯವರಿಗೆ ಹಾಜರಿ ಪುಸ್ತಕ ಕೊಟ್ಟವರೂ ಅವರೇ. ಪುಸ್ತಕದಲ್ಲಿ ರಾಜೀನಾಮೆ ಎಂದಿದ್ದರೆ ರಾಜೀನಾಮೆಯೇ, ನೌಕರರ ಕಾಗದಪತ್ರದ ಮಾತು ನಾನು ಫೋನಿನಲ್ಲಿ ಆಡುವುದಿಲ್ಲ ಎಂದು ಮರಾಠಿಯಲ್ಲಿ ಅಳೆದು ತೂಗಿ ಹೇಳಿದರು. ಅದು ನನ್ನದೇ ಕಾಗದ ಸರ್ ಎಂದೆ. ಯಾವ ಹೆಸರಿನವರದು ಎಂದು ಕೇಳಿದರು. ಫೋನನ್ನು ಗೋಡೆಗೆ ಒಗೆಯಬೇಕೆನಿಸಿತು. ಬುಧವಾರ ನಾಲ್ಕು ಗಂಟೆಯ ಮೇಲೆ ಬಾ, ಅಟ್ಟದಿಂದ ಇಳಿಸಿ ನೋಡುತ್ತೇನೆ ಎಂದರು.

ಸಂಜೆ ಮನೆಯಲ್ಲಿ ಕಪಾಟುಗಳನ್ನೆಲ್ಲ ತಲೆಕೆಳಗು ಮಾಡಿದೆವು. ಮದುವೆಯ ಕಾರ್ಡು ಸಿಕ್ಕಿತು. ಅದರಲ್ಲಿ ಬರೀ ರೇಣುಕಾ. ಆಲ್ಬಮ್ ಸಿಕ್ಕಿತು, ಅಕ್ಕಿಯ ತಾಟಿನ ಫೋಟೊ ಚೆಂದ ಬಂದಿತ್ತು, ನೀಲಿಮಾ ಎಂದು ಓದಲೂ ಬರುತ್ತಿತ್ತು, ಆದರೆ ಅದರಲ್ಲಿ ತಾಟು, ಅಕ್ಕಿ ಮತ್ತು ಮಾರ್ತಾಂಡನ ಬೆರಳು ಬಿಟ್ಟರೆ ಯಾರೂ ಇರಲಿಲ್ಲ. ಅಕ್ಕಿ ಸಾಕ್ಷಿ ಹೇಳುತ್ತದೇನು ಎಂದು ಅವನು ನಕ್ಕ. ಆ ನಗುವಿಗೆ ನನ್ನ ತಲೆ ಕೆಟ್ಟಿತು. ಆದರೆ ಸಿಟ್ಟು ಹೋಗಿ ಬಿದ್ದದ್ದು ಅವನ ಮೇಲಲ್ಲ.

ಅತ್ತೆ ಅಲ್ಲೇ ನೆಲದ ಮೇಲೆ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ಎಪ್ಪತ್ತಾರು ವರ್ಷ, ಬೆನ್ನು ಇನ್ನೂ ನೆಟ್ಟಗಿದೆ. ಅವರೂ ನಾನೂ ಜಗಳ ಆಡಿದವರಲ್ಲ, ಹತ್ತಿರವಾದವರೂ ಅಲ್ಲ. ಮೊದಲ ಕೆಲವು ದಿನ ಬಿಟ್ಟರೆ ನನ್ನನ್ನು ಅವರು ಅಡುಗೆಮನೆಗೆ ಸೇರಿಸಿಕೊಂಡಿದ್ದೇ ಇಲ್ಲ. ನಿನ್ನ ರೊಟ್ಟಿ ನಕಾಶೆ ಆಗುತ್ತವೆ, ನೀ ನಡೆ ಎನ್ನುತ್ತಿದ್ದರು. ಇಪ್ಪತ್ತೈದು ವರ್ಷ ಆ ಮಾತು ನನಗೆ ಚುಚ್ಚಿತ್ತು. ಎಲ್ಲ ಸೇರಿ ಅವತ್ತು ಬಾಯಿಗೆ ಬಂತು.

"ನಿಮ್ಮ ಒಂದು ತಾಟ ಅಕ್ಕಿ ನನ್ನ ಜನ್ಮಾನ ತಿಂದ ಹಾಕಿತು ನೋಡ್ರಿ, ಅತ್ತಿ," ಎಂದೆ. "ನನ್ನ ಹೆಸರ ನಿಮಗೇನ ಮಾಡಿತ್ತು?"

ರೇಣುಕಾ ರಾಜೀನಾಮೆ ಕೊಟ್ಟಳೆಂದು ಬರೆದದ್ದು ಯಾವ ತಾರೀಖಿಗೆ ಎಂದಷ್ಟೇ ಅವರು ಕೇಳಿದರು. ಮೇ ಹನ್ನೆರಡು ಎಂದೆ. ಸೊಪ್ಪಿನ ಮೇಲಿದ್ದ ಕೈ ನಿಂತಿತು. ಆ ರಾತ್ರಿ ಅವರು ಊಟಕ್ಕೆ ಏಳಲಿಲ್ಲ, ಮಂಗಳವಾರವೂ ಅರ್ಧ ರೊಟ್ಟಿ ತಿಂದು ಎದ್ದರು. ನಾನು ಬೈದದ್ದು ಹೆಚ್ಚಾಯಿತು ಎಂದು ಮಾರ್ತಾಂಡ ನನ್ನ ಜೊತೆ ಮಾತು ಬಿಟ್ಟ. ಹೆಚ್ಚಾಗಿತ್ತು, ನನಗೂ ಗೊತ್ತಿತ್ತು, ಆದರೆ ಕ್ಷಮೆ ಕೇಳಲು ನನಗೆ ಬರುವುದಿಲ್ಲ.

ಬುಧವಾರ ಹನ್ನೆರಡೂವರೆಗೆ ಆಫೀಸಿಗೆ ಅತ್ತೆಯ ಫೋನ್ ಬಂತು. ಅವರು ನನಗೆ ಫೋನ್ ಮಾಡಿದ್ದು ಅದೇ ಮೊದಲು. ದಿಗಂಬರರಾಯರ ಮನೆಗೆ ನನ್ನನ್ನು ಕರೆದುಕೊಂಡು ಹೋಗು, ಈಗ ಅಂದರೆ ಈಗಲೇ, ನಾಲ್ಕರ ತನಕ ನನ್ನ ಜೀವ ತಡೆಯುವುದಿಲ್ಲ ಎಂದರು. ಧ್ವನಿ ಕೇಳಿ ನನಗೆ ಹೆದರಿಕೆಯಾಯಿತು, ಕಾರು ತೆಗೆದೆ.

ಸರ್ ಮನೆ ನಮ್ಮ ಮನೆಯಿಂದ ನಾಲ್ಕು ಓಣಿ ಆಚೆ, ಎರಡನೇ ಮಹಡಿ. ನಾವು ಮೆಟ್ಟಿಲು ಹತ್ತಿ ನಿಂತಾಗ ಒಂದು ಗಂಟೆ ಹತ್ತು ನಿಮಿಷ. ಬಾಗಿಲ ಮೇಲೆ ಬಿಳಿ ಬಣ್ಣದ ಹಲಗೆ, ಅದರ ಮೇಲೆ ಮರಾಠಿಯಲ್ಲಿ ದುಂಡಗಿನ ಅಕ್ಷರ: ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಗಂಟೆ ಬಾರಿಸಬಾರದು, ತುರ್ತು ಕೆಲಸವಿದ್ದವರೂ ನಾಲ್ಕಕ್ಕೇ ಬರಬೇಕು. ಪುಣೆಯಲ್ಲಿ ಹಳಬರ ಮನೆಯ ಮಧ್ಯಾಹ್ನದ ನಿದ್ದೆಯನ್ನು ದೇವರೂ ಮುಟ್ಟುವುದಿಲ್ಲ. ನನಗೆ ಆಗ ದೇವರ ಪರಿವೆಯೂ ಇರಲಿಲ್ಲ. ಬೆರಳನ್ನು ಗಂಟೆಯ ಗುಂಡಿಯವರೆಗೆ ಒಯ್ದೆ. ಅತ್ತೆ ಗಪ್ಪನೆ ಕೈ ಹಿಡಿದರು.

"ಬ್ಯಾಡ. ಹಿಂದಕ ಒಮ್ಮೆ ನಾ ಈ ಹೊತ್ತಿನ್ಯಾಗ ಗಂಟಿ ಬಾರಿಸೇನಿ. ಒಮ್ಮೆ ಮಾಡಿದ್ದ ಸಾಕು."

ಯಾವಾಗ ಎಂದು ಕೇಳಿದೆ. ಅವರು ಸೆರಗು ಕೊಡವಿ ಮೆಟ್ಟಿಲ ಮೇಲೆ ಕೂತರು, ಪಕ್ಕದ ಜಾಗವನ್ನು ಕೈಯಿಂದ ತಟ್ಟಿದರು. ಸೂಟು ಹಾಕಿಕೊಂಡಿದ್ದ ನಾನೂ ಕೂತೆ.

"ಆ ರಾಜೀನಾಮಿ ಕೊಟ್ಟಾಕಿ ನಾನು," ಎಂದರು ಅತ್ತೆ.

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅವರು ನನ್ನ ಕಡೆ ನೋಡದೆ, ಎದುರಿನ ಮನೆಯ ಚಪ್ಪಲಿಗಳನ್ನು ನೋಡುತ್ತ ಹೇಳುತ್ತ ಹೋದರು. ಮದುವೆಯಾಗಿ ಐದನೇ ದಿನ ತಾವೇ ಒಂದು ಪತ್ರ ಬರೆದುಕೊಂಡು ಗಿರಣಿಯ ಮೇಲಿನ ಆಫೀಸಿಗೆ ಹೋಗಿದ್ದರಂತೆ. ನನ್ನ ಸೊಸೆ ಇನ್ನು ಕೆಲಸಕ್ಕೆ ಬರುವುದಿಲ್ಲ, ಅವಳ ಹೆಸರು ತೆಗೆದುಹಾಕಿರಿ ಎಂದು. ಪತ್ರ ಕನ್ನಡದಲ್ಲಿತ್ತು, ನಾಲ್ಕನೇ ಇಯತ್ತೆಯವರೆಗೆ ಕಲಿತ ಅಕ್ಷರ. ದಿಗಂಬರ ಸರ್ ಅದನ್ನು ಓದಿಸಿ ಕೇಳಿ, ಕೆಳಗೆ ಮರಾಠಿಯಲ್ಲಿ ಬರೆದುಕೊಂಡು, ಸಹಿ ಹಾಕಿಸಿ, ಮುದ್ರೆ ಒತ್ತಿದ್ದರು. ಮನೆಯಲ್ಲಿ ಈ ಸುದ್ದಿ ಯಾರಿಗೂ ಗೊತ್ತಿರಲಿಲ್ಲ. ರಜೆ ಮುಗಿದ ಮೇಲೆ ನಿಧಾನಕ್ಕೆ ನನಗೆ ಹೇಳುವುದೆಂದು ಅವರ ಲೆಕ್ಕ.

"ನಿನ್ನ ಮ್ಯಾಲೆ ನನಗ ಸಿಟ್ಟ ಇದ್ದಿಲ್ಲ," ಎಂದರು. "ಹದಿನೆಂಟ ವರ್ಷದಾಕಿ ಬಂದು ಆ ಒಲಿ ಮುಂದ ಕುಂತಾಕಿ ನಾ. ಸೊಸಿ ಬಂದ್ರ ಏಳತೀನಿ ಅಂತ ದಾರಿ ಕಾಯ್ದೆ. ಬಂದ ಸೊಸಿ ಮುಂಜಾನೆ ಎಂಟಕ್ಕ ಚೀಲ ಹಾಕ್ಕೊಂಡ ಹೊಂಟ್ರ ನಾ ಯಾವಾಗ ಏಳೂದು?"

ನಾನು ಎದ್ದುಬಿಟ್ಟೆ. ಮೆಟ್ಟಿಲಿಳಿದು ಗೇಟಿನವರೆಗೆ ಹೋದೆ. ನನ್ನ ಬದುಕಿನ ಮೇಲೆ ನನ್ನನ್ನು ಕೇಳದೆ ಒಬ್ಬರು ಮುದ್ರೆ ಒತ್ತಿಸಿದ್ದರು, ಇನ್ನೊಬ್ಬರು ಒತ್ತಿದ್ದರು, ನಾನು ಹೊಸ ಸೀರೆ ಉಟ್ಟುಕೊಂಡು ಮನೆಯಲ್ಲಿ ಅರಿಶಿನ ಕುಂಕುಮ ಕೊಡುತ್ತಿದ್ದೆ. ಕಾರು ತೆಗೆದುಕೊಂಡು ಹೊರಟೇಬಿಡೋಣ ಎನಿಸಿತು. ಮುದುಕಿ ಮೆಟ್ಟಿಲ ಮೇಲೇ ಕೂತಿರಲಿ ಎನಿಸಿತು. ಅಷ್ಟರಲ್ಲಿ ತಲೆ ಕೆಲಸ ಮಾಡಿತು. ಇವರು ರಾಜೀನಾಮೆ ಕೊಟ್ಟದ್ದು ನಿಜವಾದರೆ ನಾನು ರಜೆ ಮುಗಿದ ಸೋಮವಾರ 'ಹೊಸದಾಗಿ' ಸೇರಿದ್ದು ಹೇಗೆ? ಗೇಟಿನ ಬಳಿ ಕಬ್ಬಿನ ಹಾಲು ತೆಗೆಯುವ ಗಾಡಿ ಇತ್ತು. ಎರಡು ಗ್ಲಾಸು ಹಿಡಿದುಕೊಂಡು ಮತ್ತೆ ಮೇಲೆ ಹತ್ತಿದೆ.

ಅತ್ತೆ ಗ್ಲಾಸು ತೆಗೆದುಕೊಂಡರು, ಕುಡಿಯಲಿಲ್ಲ. ಬಾರಾಮತಿಯಿಂದ ಬಂದ ಆ ಫೋನು ನೆನಪಿದೆಯೇ ಎಂದು ಕೇಳಿದರು.

ನೆನಪಿತ್ತು. ಮದುವೆಯಾಗಿ ಎರಡು ವಾರ ಆಗಿರಬಹುದು. ಮೇ ತಿಂಗಳ ಬಿಸಿಲು, ಬೆಳಗಿನ ಎಂಟು ಗಂಟೆ, ನಾನು ಮೊಣಕೈತನಕ ಜೋಳದ ಹಿಟ್ಟು ಮಾಡಿಕೊಂಡು ರೊಟ್ಟಿಯ ಮುಂದೆ ಕೂತಿದ್ದೆ. ಹಾಲು ಕೇಂದ್ರದ ಕಾರ್ಯದರ್ಶಿಯ ಫೋನ್. ಕಂಪ್ಯೂಟರ್ ಫ್ಯಾಟಿನ ಅಂಕಿ ತೆಗೆದುಕೊಳ್ಳುತ್ತಿಲ್ಲ, ಎಪ್ಪತ್ತು ಜನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದಾರೆ, ಇನ್ನೊಂದು ತಾಸಾದರೆ ಹಾಲು ಒಡೆಯುತ್ತದೆ. ದಿಗಂಬರ ಸರ್ ಬೇರೆ ದಾರಿ ಕಾಣದೆ ನಮ್ಮ ಮನೆಯ ನಂಬರು ಕೊಟ್ಟಿದ್ದರು. ನಾನು ರೊಟ್ಟಿ ಬಡಿಯುತ್ತಲೇ, ಯಾವ ಗುಂಡಿ ಒತ್ತಬೇಕು, ಏನು ಕಾಣುತ್ತದೆ, ಕಂಡರೆ ಏನು ಮಾಡಬೇಕು ಎಂದು ಬಾಯಲ್ಲೇ ಒಂದೊಂದಾಗಿ ಹೇಳಿಕೊಟ್ಟಿದ್ದೆ. ಇಪ್ಪತ್ತು ನಿಮಿಷದ ಕೆಲಸ. ಆಮೇಲೆ ಮರೆತೂಬಿಟ್ಟಿದ್ದೆ.

"ನಿನ್ನ ಕೈಯೆಲ್ಲಾ ಹಿಟ್ಟಾಗಿತ್ತು," ಎಂದರು ಅತ್ತೆ. "ರಿಸೀವರ್ ನಿನ್ನ ಕಿವಿಗೆ ಹಿಡದಾಕಿ ನಾನು. ಆ ಕಡಿ ಮನಷ್ಯಾ ಒಂದೊಂದ ಮಾತಿಗೂ ಹೋಯ್ ತಾಈ, ಹೋಯ್ ತಾಈ ಅಂತಿದ್ದ. ಹೌದ ಅಕ್ಕಾ, ಹೌದ ಅಕ್ಕಾ. ನಲವತ್ತೊಂದ ಸರ್ತಿ ಅಂದ, ನಾ ಎಣಿಸೇನಿ. ನನ್ನ ಇಡೀ ಜನ್ಮದಾಗ ಒಬ್ಬ ಗಂಡಸು ನನ್ನ ಮಾತಿಗೆ ಒಂದ ಸರ್ತಿನೂ ಹಂಗ ಹೌದು ಅಂದಿದ್ದಿಲ್ಲ."

ಆಮೇಲೆ ಏನಾಯಿತು ಎಂದು ಕೇಳಿದೆ.

ಕೊನೆಗೆ ಆ ಕಡೆ ಪಟಪಟ ಚೀಟಿ ಬರುವ ಸಪ್ಪಳ ಕೇಳಿಸಿತಂತೆ, ಸಾಲಿನಲ್ಲಿದ್ದ ಮಂದಿ ನಕ್ಕದ್ದೂ ಕೇಳಿಸಿತಂತೆ. ನಾನು ಏನೂ ಆಗದವಳಂತೆ ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡೆನಂತೆ. ಮರುದಿನ ಮಧ್ಯಾಹ್ನ ಒಂದೂವರೆಗೆ, ಮನೆಯಲ್ಲಿ ಎಲ್ಲರೂ ಮಲಗಿದ ಹೊತ್ತು ನೋಡಿ, ಅತ್ತೆ ಈ ಬಾಗಿಲಿಗೆ ಬಂದು ಗಂಟೆ ಬಾರಿಸಿದ್ದರು. ಆ ಪತ್ರ ಹರಿದುಬಿಡಿರಿ ಎಂದು ಕೈಮುಗಿದಿದ್ದರು. ಸರ್ ಒಪ್ಪಲಿಲ್ಲ. ಮುದ್ರೆ ಬಿದ್ದ ಕಾಗದ ಹರಿಯಲು ಬರುವುದಿಲ್ಲ. ರಾಜೀನಾಮೆ ಹಿಂದೆ ಪಡೆಯುತ್ತೇನೆಂದು ಹೊಸ ಪತ್ರ ಬರೆದುಕೊಟ್ಟರೆ ಮಾತ್ರ ಹಳಬಳನ್ನು ತೆಗೆದುಕೊಳ್ಳಬಹುದು ಎಂದರು. ಬರೆದುಕೊಡಲು ಅತ್ತೆಗೆ ಮನಸ್ಸಾಗಲಿಲ್ಲ. ಬರೆದುಕೊಟ್ಟರೆ ತಪ್ಪು ಮಾಡಿದ್ದೇನೆಂದು ಕೈಯಾರೆ ಒಪ್ಪಿಕೊಂಡ ಹಾಗೆ. ಹಾಗಾದರೆ ಒಬ್ಬ ಹೊಸಬಳನ್ನು ತೆಗೆದುಕೊಳ್ಳಬಹುದು, ಅದಕ್ಕೆ ನಿಯಮ ಅಡ್ಡ ಬರುವುದಿಲ್ಲ ಎಂದು ಸರ್ ಯೋಚಿಸಿ ಹೇಳಿದರು. ಹೊಸಬಳ ಹೆಸರೇನು ಎಂದರು. ಅತ್ತೆ ನೀಲಿಮಾ ಎಂದು ಹೇಳಿ, ಇದನ್ನು ಅವಳಿಗೆ ಎಂದೂ ತಿಳಿಸಬೇಡಿರಿ ಎಂದು ಮಾತು ತೆಗೆದುಕೊಂಡು ಬಂದರು.

ಒಬ್ಬರ ಹಟ, ಇನ್ನೊಬ್ಬರ ನಿಯಮ. ಇಬ್ಬರೂ ಸೇರಿ ನನ್ನನ್ನು ಎರಡು ಮಾಡಿ ಇಟ್ಟಿದ್ದರು.

ಮೊನ್ನೆ ಸೋಮವಾರವೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಈ ಪತ್ರ ಹೊರಗೆ ಬಂದರೆ ಇದ್ದ ಕೆಲಸವೂ ಹೋಗುತ್ತದೇನೋ ಎಂದು ಹೆದರಿದ್ದರಂತೆ. ಇಷ್ಟು ವರ್ಷ ಹೇಳದೆ ಇದ್ದದ್ದು, ತಿಳಿದರೆ ನಾನು ಮನೆ ಬಿಟ್ಟು ಹೋಗುತ್ತೇನೆಂದು. ಗ್ಲಾಸು ಹಿಡಿದ ಅವರ ಕೈ ನೋಡಿದೆ. ಬೆರಳಿನ ಗಂಟುಗಳೆಲ್ಲ ಬಾತಿವೆ, ಅಂಗೈ ಒರಟಾಗಿದೆ. ನಿನ್ನ ರೊಟ್ಟಿ ನಕಾಶೆ ಆಗುತ್ತವೆ, ನೀ ನಡೆ. ಆ ಮಾತು ಅವರು ಮೊದಲ ಸಲ ಅಂದದ್ದು ಯಾವಾಗ ಎಂದು ಆಗ ಹೊಳೆಯಿತು. ನಾನು ಕೆಲಸಕ್ಕೆ ಹೊರಟ ಆ ಸೋಮವಾರ ಬೆಳಿಗ್ಗೆ. ಅಂದಿನಿಂದ ಒಂದು ದಿನವೂ ಅವರು ಒಲೆಯ ಮುಂದಿನಿಂದ ಎದ್ದಿರಲಿಲ್ಲ.

"ನನ್ನ ರೊಟ್ಟಿ ಖರೇನ ನಕಾಶಿ ಆಗ್ತಿದ್ವೇನ್ರಿ?" ಎಂದು ಕೇಳಿದೆ.

"ಎಲ್ಲೀದು," ಎಂದರು ಅತ್ತೆ. "ನನಕಿಂತ ಛಲೋ ಬಡೀತಿದ್ದಿ."

ನನಗೆ ಅಳು ಬಂತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮಿಬ್ಬರಿಗೆ ಸಿಕ್ಕದ್ದು ಒಂದು ಮೆಟ್ಟಿಲು. ಅದರ ಮೇಲೆ ಕೂತು ಇಬ್ಬರೂ ಅತ್ತೆವು, ಆಮೇಲೆ ಹೋಯ್ ತಾಈ, ಹೋಯ್ ತಾಈ ಎಂದು ಅವರು ಆ ಕಾರ್ಯದರ್ಶಿಯ ಹಾಗೆ ಮಾಡಿ ತೋರಿಸಿದಾಗ ಎದುರು ಮನೆಯವರು ಬಾಗಿಲು ತೆಗೆದು ನೋಡುವಷ್ಟು ನಕ್ಕೆವು. ಸಿಟ್ಟು ಪೂರ್ತಿ ಹೋಗಿತ್ತು ಎಂದರೆ ಸುಳ್ಳು. ಆದರೆ ಎದೆಯ ಮೇಲಿನ ಕಲ್ಲು ಇಳಿದಿತ್ತು. ನಾನು ಮರೆತದ್ದೂ ಅಲ್ಲ, ತಪ್ಪಿದ್ದೂ ಅಲ್ಲ, ಕದ್ದದ್ದಂತೂ ಅಲ್ಲವೇ ಅಲ್ಲ.

ಸರಿಯಾಗಿ ನಾಲ್ಕಕ್ಕೆ ಚಿಲಕ ತೆಗೆದ ಸಪ್ಪಳವಾಯಿತು. ಸರ್ ಅವರ ಹೆಂಡತಿ ಸುಲಭಾ ಬಾಗಿಲಲ್ಲಿ ನಿಂತು, ನೀವು ಒಂದು ಗಂಟೆಗೇ ಬಂದು ಕೂತದ್ದು ನನಗೆ ಗೊತ್ತು, ಪಾಪ ಎಂದರು. ಗೊತ್ತಿದ್ದೂ ತೆಗೆಯಲಿಲ್ಲವಲ್ಲ ಎಂದು ನಾನು ಅನ್ನಲಿಲ್ಲ. ಒಳಗೆ ದಿಗಂಬರ ಸರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೇಜಿನ ಮುಂದೆ ಕೂತಿದ್ದರು. ಮೇಜಿನ ಮೇಲೆ ದಾರ ಕಟ್ಟಿದ ಫೈಲು ಇತ್ತು. ಅವರು ನನ್ನನ್ನು ನೋಡಲೇ ಇಲ್ಲ. ನೀವು ಹೇಳಬೇಡಿ ಎಂದಿದ್ದಿರಿ, ಈವರೆಗೆ ಹೇಳಿಲ್ಲ, ಈಗ ತೋರಿಸಲೇ ಎಂದು ಅತ್ತೆಯನ್ನು ಕೇಳಿದರು. ಅತ್ತೆ ತಲೆಯಾಡಿಸಿದ ಮೇಲೆಯೇ ದಾರ ಬಿಚ್ಚಿದರು.

ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆ. ನಾನು ಒಂದೊಂದೇ ಅಕ್ಷರ ಹಿಡಿದು ಓದಿದೆ: "ನನ್ನ ಸೊಸಿ ರೇಣುಕಾ ಈರಬಸಪ್ಪ ಹಂಚಿನಮನಿ, ಲಗ್ನಾದ ಮ್ಯಾಲೆ ನೀಲಿಮಾ ಮಾರ್ತಾಂಡ ಪಟ್ಟಣಶೆಟ್ಟಿ, ಇನ್ನ ಮುಂದ ಕೆಲಸಕ್ಕ ಬರೂದಿಲ್ಲ. ಆಕಿ ಹೆಸರ ತಗದ ಹಾಕ್ರಿ." ಕೆಳಗೆ ಅದೇ ಮಾತು ಸರ್ ಕೈಬರಹದ ಮರಾಠಿಯಲ್ಲಿ. ಕೆಳಗೆ ಸಹಿ, ತಾರೀಖು, ನೇರಳೆ ಬಣ್ಣದ ದುಂಡು ಮುದ್ರೆ.

ಎರಡೂ ಹೆಸರು. ಆ ಕಾಲದ್ದೇ ಕಾಗದ. ಬರೆದವರು ಬೇರೆಯವರು. ನನ್ನ ಹೆಸರು ಅಳಿಸಲು ಬರೆದ ಪತ್ರ ಬಿಟ್ಟರೆ, ನಾನು ನಾನೇ ಎಂದು ಹೇಳುವ ಇನ್ನೊಂದು ಚೀಟಿ ಈ ಭೂಮಿಯ ಮೇಲೆ ಇರಲಿಲ್ಲ. ಹೋದ ಜೀವ ಬಂತು. ಸುಲಭಾ ಅವರ ದಿವಾನದ ಮೇಲೆ ಕೂತುಬಿಟ್ಟೆ. ಅವರು ನೀರು ತಂದುಕೊಟ್ಟರು.

ಶುಕ್ರವಾರದ ಸುದ್ದಿ ಈಗಲೇ ಹೇಳಿಬಿಡುತ್ತೇನೆ, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಗುರುವಾರ ವಕೀಲರು ಪತ್ರವನ್ನು ಬೆಳಕಿಗೆ ಹಿಡಿದು ನೋಡಿ, ಇಷ್ಟು ಸಾಕು ಎಂದರು. ಏಜೆನ್ಸಿಯವರು ಶಂಕೆಯ ಸಾಲು ತೆಗೆದರು. ಓಂಕಾರ್ ಸಮಾಧಾನಕ್ಕೆ ನನ್ನ ಕೋಣೆಯಲ್ಲೇ ಎರಡು ಕಪ್ ಚಹಾ ಕುಡಿದ. ಸಭೆಯಲ್ಲಿ ನನ್ನ ಹೆಸರು ಓದಿದರು, ನಿತಿನ ಎಲ್ಲರಿಗಿಂತ ಮೊದಲು ಎದ್ದು ಕೈ ಕುಲುಕಿದ. ನಾನು ಈಗ ಮ್ಯಾನೇಜಿಂಗ್ ಡೈರೆಕ್ಟರ್. ಕೋಣೆ ದೊಡ್ಡದಾಗಿದೆ, ಸಿಟ್ಟು ಇದ್ದಷ್ಟೇ ಇದೆ.

ಆದರೆ ನನಗೆ ಮತ್ತೆ ಮತ್ತೆ ನೆನಪಾಗುವುದು ಬುಧವಾರ ಆ ಮೇಜಿನ ಮುಂದೆ ಆಮೇಲೆ ನಡೆದದ್ದು. ಪತ್ರ ನನ್ನ ಕೈಗೆ ಕೊಟ್ಟು, ಕೊಟ್ಟದ್ದಕ್ಕೆ ನನ್ನಿಂದ ಸಹಿ ಹಾಕಿಸಿಕೊಂಡು, ದಿಗಂಬರ ಸರ್ ಫೈಲು ಕಟ್ಟಲು ಹೋದರು. ಕಟ್ಟದೆ ನಿಲ್ಲಿಸಿದರು. ಮೊದಲ ಪತ್ರ ಬಂದಿದೆ, ಎರಡನೆಯದು ಇನ್ನೂ ಬಂದಿಲ್ಲ, ಈ ಫೈಲು ಇಪ್ಪತ್ತೈದು ವರ್ಷದಿಂದ ಅಪೂರ್ಣ ಇದೆ ಎಂದು ಅತ್ತೆಗೆ ಹೇಳಿದರು. ಇದ್ದದ್ದನ್ನು ಇದ್ದಂತೆ ಹೇಳಿದರು, ದೂರುವ ಧ್ವನಿ ಇರಲಿಲ್ಲ. ಸರ್, ಬಿಡಿ ಅದನ್ನು, ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಒಂದು ಹಾಳೆ ಕೊಡಿರಿ ಎಂದರು.

ಬಾತ ಬೆರಳಿನಿಂದ ಪೆನ್ನು ಹಿಡಿಯಲು ಬರುತ್ತಿರಲಿಲ್ಲ. ನಾನು ಬರೆಯಲೇ ಎಂದರೆ ಬೇಡ ಎಂದರು. ಕಾಲು ತಾಸು ಬೇಕಾಯಿತು. ಸುಲಭಾ ತಂದಿಟ್ಟ ಚಹಾ ಕೆನೆಗಟ್ಟಿತು. ಬರೆದಾದ ಮೇಲೆ ಅತ್ತೆ ಅದನ್ನು ಓದುತ್ತ ಹೋದರು, ಸರ್ ಕೆಳಗೆ ಮರಾಠಿಯಲ್ಲಿ ಬರೆದುಕೊಂಡು ಹೋದರು, ಕೊನೆಗೆ ತಾರೀಖು ಹಾಕಿ ಮುದ್ರೆ ಒತ್ತಿದರು. ಅದು ಆ ಫೈಲಿನಲ್ಲೇ ಇದೆ. ನಕಲು ನನ್ನ ಹತ್ತಿರ ಇದೆ.

"ದಿಗಂಬರರಾಯರಿಗೆ ಚನ್ನಬಸವ್ವ ಪಟ್ಟಣಶೆಟ್ಟಿ ಬರದದ್ದು. ಹಿಂದಿನ ಪತ್ರ ನನ್ನ ಸೊಸಿನ್ನ ಕೇಳದ ಕೊಟ್ಟಿದ್ದೆ, ಅದು ತಪ್ಪು, ವಾಪಸ್ ತಗೋತೀನಿ. ರೇಣುಕಾ ಅಂದ್ರೂ ಆಕಿನ, ನೀಲಿಮಾ ಅಂದ್ರೂ ಆಕಿನ. ಆಕಿ ಕೆಲಸಕ್ಕ ಬರ್ತಾಳ. ಮನ್ಯಾಗ ರೊಟ್ಟಿ ನಾ ಬಡೀತೀನಿ."